ನೇರಳೆನಾಡಿನ ಟಪಾಲು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹತ್ತು ವರ್ಷ. ರಜೆ ಶುರುವಾದಾಗಿನಿಂದ ‘ನೇರಳೆನಾಡು’ ಅಂತ ಒಂದು ದೇಶ ಕಟ್ಟಿಕೊಂಡು ಕೂತಿದ್ದಾಳೆ. ಮೂರು ದ್ವೀಪ, ‘ಬೀಜ’ ಅಂತ ದುಡ್ಡು, ಒಬ್ಬಳು ರಾಣಿ. ಈಗ ಅಂಚೆ ಇಲಾಖೆಯ ಸರದಿ. ಸ್ಟ್ಯಾಂಪ್ ಬರೆದು ಬರೆದು ನೋಟ್‌ಬುಕ್ ತುಂಬಿಸಿದ್ದಾಳೆ. ಇಲಾಖೆಯ ಚರಿತ್ರೆಯನ್ನೂ ಬರೆಯುತ್ತಿದ್ದಾಳೆ. ಮನೆಯಲ್ಲಿ ಹಿರಿಯರು ಸುಮ್ನೆ ಕಾಲಹರಣ ಅಂತಾರೆ. ಸ್ಟ್ಯಾಂಪ್ ಮಾಡಿದರೆ ಪೊಲೀಸ್ ಕೇಸಾಗುತ್ತೆ ಅಂತ ಹೆದರಿಸಿದವರೂ ಇದ್ದಾರೆ. ನೀವು ಅಂಚೆಯಲ್ಲಿ ಕೆಲಸ ಮಾಡಿದವರು. ಕೆಲವು ಪುಟ ಜೆರಾಕ್ಸ್ ಮಾಡಿಸಿ ಕಳಿಸಿದ್ದೇನೆ, ನೋಡಿ ಹೇಳಿ.
— ಒಬ್ಬ ತಾಯಿ, ಬಸವನಗುಡಿ

ಉತ್ತರ: ಮೊದಲು ಹೆದರಿಕೆ ಕಳೆಯೋಣ. ನಮ್ಮ ಸರ್ಕಾರದ್ದೋ ಬೇರೆ ದೇಶದ ಸರ್ಕಾರದ್ದೋ ಅಂತ ನಂಬಿಸುವ ಹಾಗೆ ಸ್ಟ್ಯಾಂಪ್ ಮಾಡಿದರೆ ಅಪರಾಧ. ನೇರಳೆನಾಡಿನ ಸ್ಟ್ಯಾಂಪಿನಿಂದ ಯಾರಿಗೂ ಮೋಸ ಆಗುವುದಿಲ್ಲ. ಧೈರ್ಯವಾಗಿ ಬರೆಯಲಿ. ನಿಜವಾದ ಕಾಗದದ ಮೇಲೆ ಅಂಟಿಸುವ ಆಸೆ ಇದ್ದರೆ ಲಕೋಟೆಯ ಹಿಂದುಗಡೆ ಅಂಟಿಸಲಿ. ಮುಂದೆ, ಬಲಗಡೆ ಮೇಲಿನ ಮೂಲೆಯಲ್ಲಿ ಭಾರತದ ಸ್ಟ್ಯಾಂಪೇ ಇರಬೇಕು. ಇಲ್ಲದಿದ್ದರೆ ಕಾಗದ ಬೇರಿಂಗ್ ಆಗುತ್ತದೆ. ಆಗ ಕಮ್ಮಿ ಬಿದ್ದ ದುಡ್ಡಿನ ಎರಡರಷ್ಟನ್ನು ಪಾಪ, ತಗೊಳ್ಳುವವರು ಕಟ್ಟಬೇಕು.

ಈಗ ಸ್ಟ್ಯಾಂಪಿನ ವಿಷಯ. ಮೂರು ಬೀಜದ ಸ್ಟ್ಯಾಂಪನ್ನು ಭೂತಗನ್ನಡಿ ಹಿಡಿದು ನೋಡಿದೆ. ನೇರಳೆಹಣ್ಣಿನ ಗೊಂಚಲು, ಪಕ್ಕದಲ್ಲಿ ಹುಳ ತಿಂದ ಎಲೆ. ಅಂಚಿನ ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿದ್ದಾಳೆ. ನನಗೆ ತುಂಬಾ ಹಿಡಿಸಿದ್ದು ಠಸ್ಸೆ. ಅರ್ಧ ಸ್ಟ್ಯಾಂಪಿನ ಮೇಲೆ, ಅರ್ಧ ಲಕೋಟೆಯ ಮೇಲೆ ಬಿದ್ದಿದೆ. ಒಳಗೆ ಊರಿನ ಹೆಸರು, ತಾರೀಖು ಎರಡೂ ಇವೆ. ಹೊಸದಾಗಿ ಸೇರಿದವರಿಗೆ ನಾವು ಹೇಳಿಕೊಡುತ್ತಿದ್ದದ್ದೂ ಹೀಗೇ ಹೊಡೆಯಬೇಕು ಅಂತ. ಠಸ್ಸೆ ಸರಿಯಾಗಿ ಬೀಳದಿದ್ದರೆ ಅದೇ ಸ್ಟ್ಯಾಂಪನ್ನು ಕಿತ್ತು ಇನ್ನೊಂದು ಕಾಗದಕ್ಕೆ ಅಂಟಿಸುವವರು ಇದ್ದೇ ಇರುತ್ತಾರೆ. ಈ ಹುಡುಗಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಬಂದ ಕಾಗದಗಳನ್ನು ನೋಡಿ ನೋಡಿ ಕಲಿತಿದ್ದಾಳೆ. ಇದು ಕಾಲಹರಣ ಅಲ್ಲವೇ ಅಲ್ಲ. ಅಮೆರಿಕದ ಕಲಾವಿದ ಡೊನಾಲ್ಡ್ ಇವಾನ್ಸ್ ಚಿಕ್ಕ ಹುಡುಗನಾಗಿದ್ದಾಗ ಹೀಗೇ ಇಲ್ಲದ ದೇಶಗಳ ಸ್ಟ್ಯಾಂಪ್ ಬರೆಯಲು ಶುರುಮಾಡಿದರು. 1977ರಲ್ಲಿ ತೀರಿಕೊಳ್ಳುವ ಹೊತ್ತಿಗೆ 42 ದೇಶಗಳ ಸುಮಾರು 4,000 ಸ್ಟ್ಯಾಂಪ್ ಆಗಿದ್ದವು. ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ.

ನನ್ನ ತಕರಾರು ಇರುವುದು ಚರಿತ್ರೆಯ ಮೊದಲ ಸಾಲಿನಲ್ಲಿ. ‘ರಾಣಿ ಸ್ಟ್ಯಾಂಪ್ ಹೊರಡಿಸಿದ ದಿನ ನೇರಳೆನಾಡಿನ ಅಂಚೆ ಶುರುವಾಯಿತು’ ಅಂತ ಬರೆದಿದ್ದಾಳೆ. ಹಾಗೆ ಆಗುವುದಿಲ್ಲ ಪುಟ್ಟಿ. ಮೊದಲು ದಾರಿ, ಆಮೇಲೆ ಚೀಲ, ಚೀಲ ಹೊರುವ ಮನುಷ್ಯ. ಸ್ಟ್ಯಾಂಪ್ ಬರುವುದು ಎಷ್ಟೋ ಕಾಲದ ಮೇಲೆ. ನಮ್ಮ ಮೈಸೂರು ಸೀಮೆಯನ್ನೇ ನೋಡು. ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆ ಮಾಡಿದ್ದು 1672ರಲ್ಲಿ. ಪ್ರಪಂಚದ ಮೊದಲ ಅಂಟಿಸುವ ಸ್ಟ್ಯಾಂಪ್ ಇಂಗ್ಲೆಂಡಿನಲ್ಲಿ ಬಂದದ್ದು 1840ರಲ್ಲಿ. ನಡುವೆ 168 ವರ್ಷ! ಅಷ್ಟೂ ಕಾಲ ಇಲ್ಲಿ ಕಾಗದ ಓಡಾಡಿದೆ. ಅಂಚೆಯವರು ಸೀಮೆಯ ಸುದ್ದಿಯನ್ನೂ ದೊರೆಗೆ ಮುಟ್ಟಿಸುತ್ತಿದ್ದರು. 1889ರಲ್ಲಿ ಈ ಮೈಸೂರು ಅಂಚೆ ಬ್ರಿಟಿಷರ ಇಂಡಿಯಾ ಅಂಚೆಯೊಳಗೆ ಸೇರಿಹೋಯಿತು. ಹಳೇ ದಾರಿ ಹೇಗಿತ್ತು ಅಂತ ಕಣ್ಣಲ್ಲಿ ನೋಡಬೇಕಾದರೆ 1937ರ ಭಾರತದ ಸ್ಟ್ಯಾಂಪ್‌ಗಳನ್ನು ಹುಡುಕು. ಒಂದರಲ್ಲಿ ಓಡುವ ಅಂಚೆಯವನು, ಇನ್ನೊಂದರಲ್ಲಿ ಎತ್ತಿನ ಗಾಡಿ, ಆಮೇಲೆ ಟಾಂಗಾ, ಒಂಟೆ.

ಹಾಗಾಗಿ ಚರಿತ್ರೆಯನ್ನು ದೋಣಿಯಿಂದ ಶುರುಮಾಡು. ಮೂರು ದ್ವೀಪ ಅಂದೆಯಲ್ಲ, ದೋಣಿ ಯಾವ ವಾರ ಹೊರಡುತ್ತದೆ? ಮಳೆಗಾಲದಲ್ಲಿ ಎಷ್ಟು ದಿನ ನಿಲ್ಲುತ್ತದೆ? ನಡುದ್ವೀಪದಲ್ಲಿ ಕಾಗದ ವಿಂಗಡಿಸುವ ಮನೆ ಬೇಕು. ನಾವು ಮಾಡುತ್ತಿದ್ದದ್ದು ಹೀಗೆ: ಎದುರಿಗೆ ಗೂಡು ಗೂಡಾದ ದೊಡ್ಡ ಮರದ ಕಪಾಟು. ಎಡಗೈಯಲ್ಲಿ ಕಾಗದದ ಕಟ್ಟು, ಬಲಗೈಯಿಂದ ಒಂದೊಂದನ್ನೇ ಗೂಡಿಗೆ ಹಾಕಬೇಕು. ಗೂಡು ತುಂಬಿದರೆ ಹುರಿಯಲ್ಲಿ ಕಟ್ಟಿ, ಮೇಲೆ ಊರಿನ ಚೀಟಿ ಇಟ್ಟು, ಚೀಲಕ್ಕೆ ಹಾಕಿ, ಬಾಯಿಗೆ ಅರಗಿನ ಸೀಲು. ವಿಳಾಸ ಓದಲಿಕ್ಕೆ ಬಾರದ ಕಾಗದಕ್ಕೆ ಅಂತಲೇ ಒಂದು ಗೂಡು. ನಿನ್ನ ನೇರಳೆನಾಡಿನಲ್ಲಿ ಅದೊಂದನ್ನು ಮರೆಯಬೇಡ. ಆ ಕಾಗದ ಬರೆದವರೂ ಉತ್ತರಕ್ಕೆ ಕಾಯುತ್ತಾ ಇರುತ್ತಾರೆ.

ದರ ಎಷ್ಟು ಅನ್ನುವುದನ್ನು ರಾಣಿಯೇ ಕೂತು ಯೋಚನೆ ಮಾಡಬೇಕು. ದೂರ ಇದ್ದಷ್ಟೂ ಜಾಸ್ತಿ ಬೀಜ ಕೇಳುತ್ತಾಳಾ? ಭಾರತದಲ್ಲೂ ಮೊದಲು ಹಾಗೇ ಇತ್ತು. 1854ರಲ್ಲಿ ಅದು ಬದಲಾಯಿತು. ಕಾಲು ತೊಲ ತೂಕದ ಕಾಗದ ದೇಶದ ಯಾವ ಮೂಲೆಗೆ ಹೋದರೂ ಅರ್ಧ ಆಣೆ. ನನ್ನ ಕೇಳಿದರೆ ಇದೇ ನ್ಯಾಯ. ಕೊನೇ ದ್ವೀಪದಲ್ಲಿ ಹುಟ್ಟಿದ್ದು ಅಲ್ಲಿಯವರ ತಪ್ಪಲ್ಲ. ಅಂದಹಾಗೆ, ಬೀಜದ ಬೆಲೆ ನೋಡಿ ಯಾರಾದರೂ ನಕ್ಕರೆ ಟ್ರಿಸ್ಟನ್ ಡ ಕುನ್ಯಾ ದ್ವೀಪದ ವಿಷಯ ಹೇಳು. ದುಡ್ಡಿನ ಬಳಕೆ ತೀರಾ ಕಮ್ಮಿ ಇದ್ದ ಆ ಊರಿಗೆ 1946ರಲ್ಲಿ ಒಂದು ಸ್ಟ್ಯಾಂಪ್ ಬರೆದರು. ಬೆಲೆ ಒಂದು ಪೆನ್ನಿ ಅಥವಾ ನಾಲ್ಕು ಆಲೂಗಡ್ಡೆ!

ಕಾಗದ ಹೊರದೇಶಕ್ಕೆ ಹೋಗಬೇಕಾದರೆ ಮಾತ್ರ ರಾಣಿಯೊಬ್ಬಳ ಮಾತು ಸಾಲದು, ಬೇರೆಯವರೂ ಒಪ್ಪಬೇಕು. ಅದಕ್ಕೇ 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಒಪ್ಪಂದವಾಗಿ ವಿಶ್ವ ಅಂಚೆ ಒಕ್ಕೂಟ ಹುಟ್ಟಿತು. ಕಳಿಸುವ ದೇಶ ಸ್ಟ್ಯಾಂಪಿನ ದುಡ್ಡು ಇಟ್ಟುಕೊಳ್ಳಲಿ, ಹೇಗಿದ್ದರೂ ಉತ್ತರ ಬಂದೇ ಬರುತ್ತದಲ್ಲ, ಆ ದುಡ್ಡು ಇನ್ನೊಬ್ಬರಿಗೆ ಸಿಗುತ್ತದೆ ಅನ್ನುವುದು ಅವರ ಲೆಕ್ಕ. ಸುಮಾರು ನೂರು ವರ್ಷ ಈ ನಂಬಿಕೆಯ ಮೇಲೇ ನಡೆಯಿತು. ಜಾಸ್ತಿ ಕಳಿಸುವವರು ಜಾಸ್ತಿ ಹಂಚುವವರಿಗೆ ದುಡ್ಡು ಕೊಡಬೇಕು ಅಂತ ತೀರ್ಮಾನವಾದದ್ದು 1969ರಲ್ಲಿ. ಭೂತಾನ್ 1962ರಲ್ಲೇ ಸ್ಟ್ಯಾಂಪ್ ಹೊರಡಿಸಿತು, ಒಕ್ಕೂಟ ಸೇರಿದ್ದು 1969ರಲ್ಲಿ. ನೇರಳೆನಾಡೂ ಅಷ್ಟು ಕಾಲ ಕಾಯಲಿ, ಚರಿತ್ರೆಗೆ ಒಂದು ಒಳ್ಳೆಯ ಅಧ್ಯಾಯ ಸಿಗುತ್ತದೆ.

ಬಿಡುವಾದಾಗ ವಿಧಾನಸೌಧದ ಹತ್ತಿರದ ಜಿಪಿಒಗೆ, ಅಂದರೆ ಪ್ರಧಾನ ಅಂಚೆ ಕಚೇರಿಗೆ, ಅವಳನ್ನು ಕರೆದುಕೊಂಡು ಹೋಗಿ. ಅಲ್ಲಿ ಸ್ಟ್ಯಾಂಪ್ ಸಂಗ್ರಹ ಮಾಡುವವರಿಗೇ ಬೇರೆ ವಿಭಾಗ ಇದೆ.

ಪ್ರಶ್ನೆ: ಹೀಗೆ ಯಾರೋ ತಾವೇ ರಾಜ ಅಂದುಕೊಂಡು ನಡೆಸಿದ ಅಂಚೆಯಲ್ಲಿ ಕಾಗದ ನಿಜವಾಗಿ ಓಡಾಡಿದ್ದು ಉಂಟೇ?
— ಕಾಲೇಜು ವಿದ್ಯಾರ್ಥಿ, ಯಲಹಂಕ

ಉತ್ತರ: ಉಂಟು. ಇಂಗ್ಲೆಂಡಿನ ಪಕ್ಕದ ಲಂಡಿ ದ್ವೀಪ. ಮಾರ್ಟಿನ್ ಹಾರ್ಮನ್ ಅನ್ನುವವರು 1925ರಲ್ಲಿ ಇಡೀ ದ್ವೀಪವನ್ನು ಕೊಂಡುಕೊಂಡರು. ಸರ್ಕಾರದ ಅಂಚೆ ಕಚೇರಿ ಮುಚ್ಚಿದ ಮೇಲೆ ಟಪಾಲು ಸಾಗಿಸುವ ಕೆಲಸವನ್ನೂ ತಾವೇ ವಹಿಸಿಕೊಂಡರು. 1929ರಲ್ಲಿ ಅದರ ಖರ್ಚಿಗೆ ಅಂತ ಸ್ಟ್ಯಾಂಪ್ ತಂದರು. ಮೇಲೆ ಅಲ್ಲಿಯ ಪಫಿನ್ ಹಕ್ಕಿಯ ಚಿತ್ರ, ಬೆಲೆಯೂ ಪಫಿನ್ ಲೆಕ್ಕದಲ್ಲೇ: ಅರ್ಧ ಪಫಿನ್ನಿನದು ಗುಲಾಬಿ ಬಣ್ಣ, ಒಂದು ಪಫಿನ್ನಿನದು ನೀಲಿ. ದ್ವೀಪದಿಂದ ದಡದವರೆಗೆ ಲಂಡಿ ಸ್ಟ್ಯಾಂಪು, ದಡದಿಂದ ಮುಂದಕ್ಕೆ ಬ್ರಿಟನ್ ಸ್ಟ್ಯಾಂಪು. ನಾಣ್ಯವನ್ನೂ ಹೊಡೆಸಿದ್ದಕ್ಕೆ ಮಾತ್ರ ಸರ್ಕಾರ ಸುಮ್ಮನಿರಲಿಲ್ಲ. 1930ರಲ್ಲಿ 5 ಪೌಂಡ್ ದಂಡ ಬಿತ್ತು. ಸ್ಟ್ಯಾಂಪ್ ಇವತ್ತಿಗೂ ನಡೆಯುತ್ತಿದೆ. ಯಾಕೆಂದರೆ ಅದರ ಹಿಂದೆ ನಿಜವಾದ ಕೆಲಸ ಇದೆ, ಯಾರೋ ಚೀಲ ಹೊತ್ತು ಸಮುದ್ರ ದಾಟಿಸುತ್ತಾರೆ.

ಆಸ್ಟ್ರೇಲಿಯಾದಲ್ಲಿ 1970ರಲ್ಲಿ ಗೋಧಿಯ ಕೋಟಾ ಜಗಳದಿಂದ ಲೆನರ್ಡ್ ಕ್ಯಾಸ್ಲಿ ಅನ್ನುವ ರೈತರು ತಮ್ಮ ಜಮೀನನ್ನೇ ಹಟ್ ರಿವರ್ ಅಂತ ದೇಶ ಮಾಡಿದರು. ಅವರೂ ಸ್ಟ್ಯಾಂಪ್ ಹೊರಡಿಸಿದರು. 2020ರಲ್ಲಿ ಆ ‘ದೇಶ’ ಮುಗಿಯಿತು.

ಪ್ರಶ್ನೆ: ಅಜ್ಜಿ, ನಾನು ಮತ್ತು ನನ್ನ ಗೆಳೆಯ ಒಂದು ದೇಶ ಮಾಡಿದ್ದೇವೆ. ಅದಕ್ಕೆ ಪಿನ್‌ಕೋಡ್ ಹೇಗೆ ಕೊಡೋದು?
— ಏಳನೇ ಕ್ಲಾಸಿನ ಹುಡುಗ, ಕೆಂಗೇರಿ

ಉತ್ತರ: ಮರಿ, ನಿಮ್ಮ ದೇಶದಲ್ಲಿ ಒಂದೇ ಹೆಸರಿನ ಎರಡು ಊರು ಇವೆಯಾ? ಇಲ್ಲದಿದ್ದರೆ ಪಿನ್‌ಕೋಡ್ ಬೇಕಾಗಿಯೇ ಇಲ್ಲ. ನಮ್ಮಲ್ಲಿ ಹೊಸಹಳ್ಳಿ ಅಂತ ಬರೆದರೆ ಯಾವ ಹೊಸಹಳ್ಳಿ ಅಂತ ಹುಡುಕೋದು? ಜೊತೆಗೆ ಒಬ್ಬರು ಕನ್ನಡದಲ್ಲಿ ಬರೆಯುತ್ತಾರೆ, ಒಬ್ಬರು ಬಂಗಾಳಿಯಲ್ಲಿ. ಅದಕ್ಕೇ ಶ್ರೀರಾಮ ಭಿಕಾಜಿ ವೇಲಣಕರ್ ಅನ್ನುವ ಅಂಚೆ ಅಧಿಕಾರಿ ಆರು ಅಂಕಿಯ ಪಿನ್‌ಕೋಡ್ ರೂಪಿಸಿದರು. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂತು.

ನಿಮ್ಮ ಕೆಂಗೇರಿಯ 560060 ತಗೋ. ಮೊದಲ 5 ದಕ್ಷಿಣದ ನಮ್ಮ ಭಾಗ, ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. 56ರಿಂದ 59ರವರೆಗೆ ಕರ್ನಾಟಕ. 560 ಅಂದರೆ ಬೆಂಗಳೂರು. ಕೊನೆಯ 060 ನಿಮ್ಮ ಮನೆಗೆ ಕಾಗದ ತರುವ ಅಂಚೆ ಕಚೇರಿ. ಬೇರೆ ರಾಜ್ಯದಲ್ಲಿ ವಿಂಗಡಿಸುವವರಿಗೆ ಮೊದಲ ಅಂಕಿಗಳು ಸಾಕು, ಕೊನೆಯದ್ದು ಇಲ್ಲಿಯವರಿಗೆ. ನೀವೂ ದೊಡ್ಡ ಭಾಗದಿಂದ ಚಿಕ್ಕದಕ್ಕೆ ಹೋಗಿ. ನಡುನಡುವೆ ಅಂಕಿ ಖಾಲಿ ಬಿಡಿ, ನಾಳೆ ಹೊಸ ಊರು ಹುಟ್ಟಿದರೆ ಬೇಕಾಗುತ್ತದೆ. ನಮ್ಮಲ್ಲಿ 9ರಿಂದ ಶುರುವಾಗುವುದು ಸೈನ್ಯದ ಟಪಾಲಿಗೆ. ಸೈನಿಕರು ಊರಿಂದೂರಿಗೆ ಹೋಗುತ್ತಿರುತ್ತಾರೆ, ಅವರ ಕಾಗದಕ್ಕೆ ಊರಿನ ನಂಬರ್ ಹೊಂದುವುದಿಲ್ಲ. ನಿಮ್ಮ ದೇಶಕ್ಕೆ ಸೈನ್ಯ ಇದೆಯೋ ಇಲ್ಲವೋ ಅಂತ ನೀನೂ ನಿನ್ನ ಗೆಳೆಯನೂ ಮೊದಲು ತೀರ್ಮಾನ ಮಾಡಿಕೊಳ್ಳಿ. ಆಮೇಲೆ ನಕ್ಷೆ ಕಳಿಸು, ಅಂಕಿಗಳನ್ನು ನಾನೂ ಒಂದು ಸಲ ನೋಡುತ್ತೇನೆ.