ಪ್ರಶ್ನೆ: ತಾಮ್ರಕ್ಕೆ ಲೇಸರ್ ಹೊಡೆದಾಗ ಆಂಟೆನಾಕ್ಕೆ ಬರುವ ಸಿಗ್ನಲ್ ಪ್ಲಾಸ್ಮಾದ್ದೇನಾ (ಆವಿಯಾಗಿ ಅಯಾನುಗಳಾದ ತಾಮ್ರದ್ದು)? (ಕೇಳಿದವರು ಶಿವಮೊಗ್ಗದಿಂದ)
ಬಹುಶಃ ಅದರಲ್ಲಿ ದೊಡ್ಡ ಪಾಲು ಲೇಸರ್‌ನ ಕ್ಯೂ-ಸ್ವಿಚ್‌ದು, ಅಂದರೆ ಶಕ್ತಿಯನ್ನು ತಡೆದಿಟ್ಟು ಒಮ್ಮೆಲೇ ಬಿಡುವ ಭಾಗದ್ದು. ಅದರೊಳಗಿನ ಪಾಕೆಲ್ಸ್ ಸೆಲ್‌ನಲ್ಲಿ (ವೋಲ್ಟೇಜ್ ಕೊಟ್ಟು ಬೆಳಕನ್ನು ನಿಯಂತ್ರಿಸುವ ಹರಳು) ಕಿಲೋವೋಲ್ಟ್‌ಗಟ್ಟಲೆ ವೋಲ್ಟೇಜ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ಬದಲಾಗುತ್ತೆ, ಅದರಿಂದ ಹೊಮ್ಮುವ ರೇಡಿಯೋ ಗದ್ದಲವನ್ನು ಆಂಟೆನಾ ಸಲೀಸಾಗಿ ಹಿಡಿಯುತ್ತೆ.

ಮೊದಲು ಕಿರಣಕ್ಕೆ ಬೀಮ್ ಡಂಪ್ (ಕಿರಣವನ್ನು ಹೀರಿಕೊಳ್ಳುವ ತಡೆ) ಅಡ್ಡ ಇಟ್ಟು ಲೇಸರ್ ಹೊಡೆಯಿರಿ, ಸುರಕ್ಷತಾ ಕನ್ನಡಕ ತೆಗೆಯಬೇಡಿ. ಆಸಿಲೋಸ್ಕೋಪ್‌ಗೆ ಟ್ರಿಗರ್ (ದಾಖಲಿಸಲು ಶುರುಮಾಡುವ ಸೂಚನೆ) ಲೇಸರ್ ಮತ್ತು ಡಂಪ್ ನಡುವೆ ಇಟ್ಟ ಫೋಟೋಡಯೋಡ್‌ನಿಂದ (ಬೆಳಕು ಗ್ರಹಿಸುವ ಸಾಧನ) ಬರಲಿ, ಆಗಲೇ ಹೋಲಿಕೆ ಸರಿಯಾಗೋದು. ಕಿರಣ ತಾಮ್ರಕ್ಕೆ ತಲುಪದ ಈಗಲೂ ಉಳಿದ ಸಿಗ್ನಲ್ ಪ್ಲಾಸ್ಮಾದ್ದಲ್ಲ. ಆಮೇಲೆ ಲೇಸರ್ ಪೂರ್ತಿ ಆರಿಸಿ ನೋಡಿ: 88ರಿಂದ 108 ಮೆಗಾಹರ್ಟ್ಸ್ ನಡುವೆ ಸಿಗ್ನಲ್‌ನ ಸ್ಪೆಕ್ಟ್ರಮ್‌ನಲ್ಲಿ (ಆವರ್ತನದ ಚಿತ್ರ) ಹಾಗೇ ನಿಂತ ಗೆರೆಗಳು ಎಫ್‌ಎಂ ಸ್ಟೇಷನ್‌ಗಳವು.

ಕೊನೆಗೆ ಡಂಪ್ ತೆಗೆದು, ಲೇಸರ್ ಶಕ್ತಿ ಮುಟ್ಟದೆ ಲೆನ್ಸ್ ಮಾತ್ರ ಸ್ವಲ್ಪ ಸರಿಸಿ. ಫೋಕಸ್ ಜೊತೆ ಏರಿಳಿಯುವ ಭಾಗವೇ ನಿಮಗೆ ಬೇಕಾದದ್ದು. ಪ್ರತಿ ಸಲ ತಾಮ್ರದ ಹೊಸ ಜಾಗಕ್ಕೇ ಹೊಡೆಯಿರಿ, ಗುಳಿ ಬಿದ್ದಲ್ಲಿ ಸಿಗ್ನಲ್ ಬದಲಾಗುತ್ತೆ. ಆಂಟೆನಾದ ಕೇಬಲ್ ಯಾವುದೆಂದು ನೀವು ಬರೆದಿಲ್ಲ; ಒಂದೇ ಪದರದ ಶೀಲ್ಡ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಇದ್ದರೆ ಎರಡು ಪದರದ್ದು ಹಾಕಿ.