ಒಣಗಿದ ಹುಲ್ಲುಗಾವಲಿನ ಮೇಲೆ ಹಸು ಬಿಡಿಸಬೇಡಿ

ಆಯಿಲ್ ಪೇಂಟ್‌ನಲ್ಲಿ ಹುಲ್ಲುಗಾವಲು ಮುಗಿದು ಒಣಗಿದೆ, ಅದರ ಮೇಲೆ ಮೇಯುವ ಹಸುಗಳನ್ನು ಬಿಡಿಸಬೇಕು, ಮೈಕೂದಲಿಗೆ ಯಾವ ಬ್ರಷ್ ಅಂತ ಕೇಳಿದ್ದೀರಿ. ಬ್ರಷ್ ವಿಷಯ ಆಮೇಲೆ. ಇದೇ ದಾರಿಯಲ್ಲಿ ಹೋಗಿ ನಾನೊಂದು ದೊಡ್ಡ ಕ್ಯಾನ್ವಾಸ್ ಹಾಳು ಮಾಡಿಕೊಂಡಿದ್ದೇನೆ.

ಬಿಡಿಸಿದ್ದು ಅಜ್ಜಂಪುರದ ಕಡೆಯ ಅಮೃತಮಹಲ್ ಕಾವಲು, ಅಂದರೆ ಅಮೃತಮಹಲ್ ತಳಿಯ ದನ ಮೇಯುವ ಹುಲ್ಲುಗಾವಲು. ಜನವರಿ ತಿಂಗಳು, ಹುಲ್ಲೆಲ್ಲ ಒಣಗಿ ಹೊಂಬಣ್ಣ. ಮೂರಡಿ ಅಗಲದ ಕ್ಯಾನ್ವಾಸ್ ಮೇಲೆ ಆಕಾಶ, ಜಾಲಿ ಮರ, ಹುಲ್ಲಿನ ಎಸಳು ಎಲ್ಲ ಬಿಡಿಸಿ ಒಂದು ತಿಂಗಳು ಒಣಗಿಸಿದೆ. ಆಮೇಲೆ ಅದರ ಮೇಲೆ ಒಂಬತ್ತು ದನ ಕೂರಿಸಿದೆ. ಆ ಉದ್ದ ಕೊಂಬು, ಗಂಗೆದೊಗಲು, ಬೂದು ಮೈ, ಒಂದೂ ತಪ್ಪಿರಲಿಲ್ಲ. ಆರ್ಡರ್ ಕೊಟ್ಟವರು ನೋಡಿ, "ದನ ಕತ್ತರಿಸಿ ಅಂಟಿಸಿದ ಹಾಗಿದೆಯಲ್ಲ" ಅಂದರು. ತೆಗೆದುಕೊಳ್ಳಲಿಲ್ಲ.

ಅವರು ಹೇಳಿದ್ದು ಸರಿ. ಕೆಳಗಿನ ಬಣ್ಣ ಒಣಗಿದ್ದರಿಂದ ದನದ ಅಂಚು ಎಲ್ಲೂ ಹುಲ್ಲಿನೊಳಗೆ ಕರಗಲಿಲ್ಲ. ಗೊರಸುಗಳು ಹುಲ್ಲಿನ ಮೇಲೆ ನಿಂತಿದ್ದವು, ಹುಲ್ಲಿನೊಳಗೆ ಹೂತಿರಲಿಲ್ಲ. ಅದಕ್ಕಿಂತ ದೊಡ್ಡದು ಬೆಳಕು. ಬಯಲಲ್ಲಿ ನಿಂತ ದನದ ಹೊಟ್ಟೆಯಡಿಗೆ ಹುಲ್ಲಿನ ಹಳದಿ ಬೆಳಕು ಪುಟಿಯುತ್ತದೆ. ಬೆನ್ನ ಮೇಲೆ ಆಕಾಶದ ನೀಲಿ ಬೀಳುತ್ತದೆ. ನಾನು ಬೂದು ಬಣ್ಣವನ್ನು ಮನೆಯೊಳಗೆ ಕೂತು, ಕಪ್ಪು ಬಿಳುಪು ಬೆರೆಸಿ ಮಾಡಿದ್ದೆ. ಕಾವಲಿನ ಬಣ್ಣ ಅದರಲ್ಲಿ ಒಂದಿಷ್ಟೂ ಇರಲಿಲ್ಲ. ಹುಲ್ಲಿಗೆ ಬಳಸಿದ ಓಕರ್ (ಮಣ್ಣು ಹಳದಿ) ಒಂದು ಚೂರು ಹೊಟ್ಟೆಯ ನೆರಳಿಗೂ ಹೋಗಿದ್ದರೆ ಸಾಕಿತ್ತು. ಆದರೆ ಆ ಓಕರ್ ತಿಂಗಳ ಹಿಂದೆಯೇ ಪ್ಯಾಲೆಟ್ ಮೇಲೆ ಗಟ್ಟಿಯಾಗಿತ್ತು!

ಈಗ ನಾನು ನೆಲ, ದನ, ನೆರಳು ಎಲ್ಲವನ್ನೂ ಒಂದೇ ದಿನ ಶುರು ಮಾಡುತ್ತೇನೆ. ಮೊದಲು ಬರ್ನ್ಟ್ ಅಂಬರ್ ಎಂಬ ಕಡು ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಬರೀ ಆಕಾರ. ಬೂದುವಿಗೆ ಅಲ್ಟ್ರಾಮರೀನ್ ನೀಲಿ, ಅದೇ ಅಂಬರ್, ಬಿಳಿ. ಲಿನ್ಸೀಡ್ ಎಣ್ಣೆ ಜಾಸ್ತಿ ಇರುವ ಬಣ್ಣ ಮೇಲಿನ ಪದರಕ್ಕೇ ಇರಲಿ, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಕೊನೆಗೆ ಹಸಿ ಇರುವಾಗಲೇ ಹುಲ್ಲನ್ನು ಕಾಲಿನ ಮೇಲೆ ಎಳೆಯಿರಿ.

ನಿಮ್ಮ ಒಣಗಿದ ಚಿತ್ರ ಬರೀ ಹುಲ್ಲುಗಾವಲಾಗಿಯೇ ಇರಲಿ. ಹಸುಗಳಿಗೆ ಬೇರೆ ಕ್ಯಾನ್ವಾಸ್ ತೆಗೆದುಕೊಳ್ಳಿ. ಬ್ರಷ್ ಅಂದರೆ ಅರ್ಧ ಇಂಚಿನ ಚಪ್ಪಟೆ ಬ್ರಷ್ ಸಾಕು. ಅಷ್ಟು ದೂರದಲ್ಲಿ ಮೇಯುವ ಹಸುವಿನ ಮೈಕೂದಲು ನಮ್ಮ ಕಣ್ಣಿಗೂ ಕಾಣುವುದಿಲ್ಲ ಅಲ್ವಾ?