ಕುದ್ರುವಿನ ದಡಕ್ಕೆ ಕಲ್ಲೋ, ಕಾಂಡ್ಲಾವೋ?

ಪ್ರಶ್ನೆ: ಪಂಚಗಂಗಾವಳಿ ಹೊಳೆಯ ಕುದ್ರುವೊಂದರಲ್ಲಿ (ನಡುಗಡ್ಡೆಯಲ್ಲಿ) ನಮ್ಮ ಮನೆ, ತೆಂಗಿನ ತೋಟ ಇದೆ. ಪ್ರತಿ ಮಳೆಗಾಲ ದಡ ಜರಿದು ಮರಗಳು ಹೊಳೆಗೆ ಬೀಳುತ್ತಿವೆ. ಕಲ್ಲು ಕಟ್ಟಿಸಬೇಕೋ, ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ನೆಡಬೇಕೋ?
– ಓದುಗರು, ಕುಂದಾಪುರ ತಾಲ್ಲೂಕು

ಉತ್ತರ: ಮೊದಲು ನೀರು ಇಳಿದ ಹೊತ್ತಿನಲ್ಲಿ ದೋಣಿಯಲ್ಲಿ ಹೋಗಿ ದಡದ ಬುಡ ನೋಡಿ. ಕೆಸರು ಇಳಿಜಾರಾಗಿ ಹರಡಿದ್ದರೆ ಕಾಂಡ್ಲಾ ಹಿಡಿಯುತ್ತದೆ. ದಡ ಗೋಡೆಯಂತೆ ನೆಟ್ಟಗೆ ಕಡಿದು, ಕೆಳಗೆ ಪೊಳ್ಳಾಗಿ, ತೆಂಗಿನ ಬೇರು ಜೋತಾಡುತ್ತಿದ್ದರೆ ಅಲ್ಲಿ ನೆಡುವುದು ದಂಡ. ಹತ್ತಿರದಲ್ಲಿ ಮರಳು ತೆಗೆದು ಹೊಳೆ ಆಳವಾದರೆ ಹೀಗಾಗುತ್ತದೆ: ಆ ಗುಂಡಿಗೆ ದಡದ ಬುಡದ ಮಣ್ಣೇ ಜಾರುತ್ತದೆ. ಮರಳು ತೆಗೆಯುವುದು ನಿಲ್ಲದೆ ಕಲ್ಲೂ ನಿಲ್ಲುವುದಿಲ್ಲ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯಲ್ಲಿ ಮರಳು ದಿಬ್ಬ ತೆರವಿಗೆ ಅವಕಾಶ ಇರುವುದು ಸಾಂಪ್ರದಾಯಿಕ ಕರಾವಳಿ ಸಮುದಾಯದವರಿಗೆ, ಅದೂ ಕೈಯಿಂದ ಮಾತ್ರ. ಯಂತ್ರ ಕಂಡರೆ ನಾಲ್ಕಾರು ಮನೆಯವರು ಸೇರಿ ಜಿಲ್ಲಾಧಿಕಾರಿಗೆ ಬರೆದುಕೊಡಿ.

ಕಲ್ಲಿನ ಗೋಡೆಗೆ ಬಡಿದ ನೀರು ಅದರ ಬುಡವನ್ನೇ ಕೊರೆಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ದಡ ತಿನ್ನುತ್ತದೆ. ಮನೆ ತೀರಾ ಅಂಚಿಗಿದ್ದರೆ ಅಷ್ಟು ಜಾಗಕ್ಕೆ ಮಾತ್ರ, ಅನುಮತಿ ಪಡೆದು ಕಟ್ಟಿಸಿ.

ಉಳಿದ, ಕೆಸರು ಇಳಿಜಾರಾಗಿರುವ ದಡಕ್ಕೆ ಕಾಂಡ್ಲಾ. ಮಳೆಗಾಲದಲ್ಲಿ, ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಇಳಿಬಿದ್ದ ಕೋಲುಗಳನ್ನು ಆರಿಸಿ. ಕಾಯಿಗೂ ಕೋಲಿಗೂ ನಡುವೆ ಹಳದಿ ಪಟ್ಟಿ ಮೂಡಿದ್ದರೆ ಬಲಿತಿದೆ. ಹುಳ ಕೊರೆದ ತೂತಿದ್ದರೆ ಬಿಡಿ. ಮೇಲಿನ ಕಾಯಿಯ ತೊಪ್ಪಿಯನ್ನು ಎಳೆದು ಕೀಳಬಾರದು, ಒಳಗಿನ ಚಿಗುರು ಮುರಿಯುತ್ತದೆ. ಅದು ತಾನಾಗಿ ಕಳಚಲಿ. ಚೂಪಾದ ತುದಿ ಕೆಳಗೆ ಬರುವಂತೆ, ಕೋಲಿನ ಮೂರನೇ ಒಂದು ಪಾಲು ಕೆಸರಿಗೆ ಇಳಿಸಿ, ಮೀಟರಿಗೊಂದು. ನೀರು ದಿನವೂ ಏರಿ ಇಳಿಯುವ ಜಾಗವೇ ಬೇಕು. ಸದಾ ಮುಳುಗಿರುವಲ್ಲಿ ನೆಟ್ಟರೆ ಸಾಯುತ್ತವೆ. ಮೊದಲ ಎರಡು ವರ್ಷ ಸಿಕ್ಕಿಕೊಂಡ ಪ್ಲಾಸ್ಟಿಕ್, ಕಸ ಬಿಡಿಸುತ್ತಿರಬೇಕು, ಇಲ್ಲದಿದ್ದರೆ ಹರಿವು ಗಿಡವನ್ನೇ ಎಳೆದೊಯ್ಯುತ್ತದೆ.

ದೋಣಿ ತರಲು, ಬಲೆ ಬೀಸಲು ಎರಡು ಮೂರು ಕಡೆ ಮೂರು ಮೀಟರ್ ಬಿಡುವು ಈಗಲೇ ಬಿಡಿ. ಕಾಡು ಬೆಳೆದ ಮೇಲೆ ಕಡಿಯಲು ಕಾನೂನು ಬಿಡುವುದಿಲ್ಲ, ಬಿಡಲೂ ಬಾರದು: ಮೀನು, ಸೀಗಡಿಯ ಮರಿ ಬೆಳೆಯುವುದು ಆ ಬೇರುಗಳ ನಡುವೆಯೇ.

ಪ್ರಶ್ನೆ: ಕುದ್ರುವಿನ ಬಾವಿ ಜನವರಿ ಕಳೆದರೆ ಉಪ್ಪಾಗುತ್ತದೆ. ಬೋರ್‌ವೆಲ್ ತೆಗೆಸಬಹುದೇ?

ಉತ್ತರ: ಬೇಡ. ಕುದ್ರುವಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಆಳಕ್ಕೆ ಕೊರೆದು ಜೋರಾಗಿ ಎಳೆದರೆ ಕೆಳಗಿನ ಉಪ್ಪೇ ಮೇಲೇರುತ್ತದೆ. ಅಗಲ ಬಾವಿಯಿಂದ ಸಣ್ಣ ಪಂಪಿನಲ್ಲಿ ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು ಎತ್ತಿ. ಕುಡಿಯಲು, ಅಡುಗೆಗೆ ಮಾಡಿನಿಂದ (ಚಾವಣಿಯಿಂದ) ಇಳಿಯುವ ಮಳೆನೀರು ಹಿಡಿಯಿರಿ. ಐದು ಜನಕ್ಕೆ ತಲೆಗೆ 10 ಲೀಟರಿನಂತೆ 150 ದಿನಕ್ಕೆ 7,500 ಲೀಟರ್; 10,000 ಲೀಟರಿನ ಮುಚ್ಚಿದ ಟ್ಯಾಂಕ್ ಸಾಕು. ಮೊದಲ ಮಳೆಗಳ ನೀರು ಹೊರಗೆ ಹೋಗಲಿ, ಟ್ಯಾಂಕನ್ನು ಮಳೆಗಾಲದ ಕೊನೆಯಲ್ಲಿ ತುಂಬಿಸಿ, ಕುದಿಸಿ ಕುಡಿಯಿರಿ.